ಬನದ ಹೊರಗೆ ಅರ್ಧ ಗಂಟೆ

ನಾನಿರುವ ಜಪಾನಿನಲ್ಲಿ ಕಾಡಿಗೆ ಹೋದವರು ನಡಿಗೆ ನಿಧಾನ ಮಾಡುತ್ತಾರೆ, ಮಾತು ಕಡಿಮೆ ಮಾಡುತ್ತಾರೆ. ನಮ್ಮ ಉಡುಪಿ, ಮಂಗಳೂರು ಕಡೆ ಕಾಡೆಂದರೆ ಜಲಪಾತ, ಬೈಕು, ಬುತ್ತಿ, ಫೋಟೊ. ಅದರಲ್ಲಿ ಖುಷಿ ಉಂಟು, ಬೇಡವೆನ್ನುವುದಿಲ್ಲ. ಆದರೆ ಮನಸ್ಸಿನ ಒತ್ತಡ ಇಳಿಯಲೆಂದು ಹೋಗುವವರು ಜಪಾನಿನವರ ಕ್ರಮ ಕಲಿಯುವುದು ಒಳ್ಳೆಯದು. ಅದಕ್ಕೆ ಘಟ್ಟ ಹತ್ತಬೇಕೆಂದೂ ಇಲ್ಲ.

ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ‘ಶಿನ್ರಿನ್-ಯೊಕು’, ಅಂದರೆ ಕಾಡಿನ ಸ್ನಾನ, ಎಂಬ ಹೆಸರಿಟ್ಟು ಜನರನ್ನು ಕಾಡಿಗೆ ಕರೆಯಿತು. ನಾಗಾನೊ ಪ್ರಾಂತ್ಯದ ಅಕಸಾವಾದ ಹಳೆಯ ಹಿನೋಕಿ ಮರಗಳ ಕಾಡು ಇದಕ್ಕೆ ಹೆಸರಾದ ಜಾಗ. ಮರಗಳು ಗಾಳಿಗೆ ಬಿಡುವ ಪೈನೀನ್‌ನಂಥ ಪರಿಮಳದ ಅಂಶಗಳು ರೋಗನಿರೋಧಕ ಶಕ್ತಿ ಹೆಚ್ಚಿಸುತ್ತವೆ ಎಂಬ ಸಂಶೋಧನೆಗೆ ಬಹಳ ಪ್ರಚಾರ ಸಿಕ್ಕಿದೆ. ಅದು ಬೆರಳೆಣಿಕೆಯ ಜನರ ಮೇಲೆ ನಡೆದದ್ದು, ನಾನು ಹೆಚ್ಚು ತೂಕ ಕೊಡುವುದಿಲ್ಲ. ಒತ್ತಡ ಇಳಿಯುವುದಕ್ಕೆ ಮಾತ್ರ ಬೇರೆ ಬೇರೆ ದೇಶಗಳ ಆಧಾರ ಉಂಟು. ಮಿಷಿಗನ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಜಲಿನಲ್ಲಿ ಅಳೆದ, ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಅತಿ ಬೇಗ ಇಳಿದದ್ದು ಮರಗಿಡಗಳ ನಡುವೆ 20ರಿಂದ 30 ನಿಮಿಷ ಕಳೆದವರಲ್ಲಿ. ಆಮೇಲೂ ಇಳಿಯುತ್ತದೆ, ಆದರೆ ನಿಧಾನ. ಅವರಿಗೆ ಹಾಕಿದ್ದ ಷರತ್ತುಗಳನ್ನು ಗಮನಿಸಬೇಕು: ಫೋನ್ ಇಲ್ಲ, ಮಾತಿಲ್ಲ, ಓದಿಲ್ಲ, ಬೆವರಿಳಿಸುವ ವ್ಯಾಯಾಮವೂ ಇಲ್ಲ. ನಮ್ಮ ಪಿಕ್‌ನಿಕ್‌ನಲ್ಲಿ ಈ ನಾಲ್ಕರಲ್ಲಿ ಒಂದೂ ಉಳಿಯುವುದಿಲ್ಲ.

ಹಾಗಾಗಿ ತಿಂಗಳಿಗೊಮ್ಮೆ ಆಗುಂಬೆ ಘಾಟಿಗೆ ಕಾರು ಓಡಿಸುವುದಕ್ಕಿಂತ ವಾರಕ್ಕೆ ಮೂರು ಸಲ ಮಣಿಪಾಲದ ಮಣ್ಣಪಳ್ಳ ಕೆರೆಯ ಬಳಿಗೋ ಮಂಗಳೂರಿನ ಪಿಲಿಕುಳದ ಮರಗಳಡಿಗೋ ಹೋಗುವುದು ಮೇಲು. ಬೆಳಿಗ್ಗೆ ಎಂಟೂವರೆಯೊಳಗೆ ಮುಗಿಸಿ. ನಮ್ಮ ಊರಿಗೆ ಜಪಾನಿನ ಕ್ರಮವನ್ನು ಕಣ್ಣುಮುಚ್ಚಿ ತಂದರೆ ಆಗುವುದಿಲ್ಲ. ಏಪ್ರಿಲ್, ಮೇ ತಿಂಗಳ ನಮ್ಮ ಕರಾವಳಿ ಸೆಕೆಯಲ್ಲಿ ಬೆವರು ಆರದೆ ಮೈ ತಣಿಯುವುದಿಲ್ಲ, ನಾಡಿ ಏರುತ್ತದೆ, ಹೋದ ಉದ್ದೇಶವೇ ಕೆಡುತ್ತದೆ. ಹತ್ತು ನಿಮಿಷ ಹೆಜ್ಜೆ ಎಣಿಸದೆ ನಡೆದು, ಉಳಿದ ಹೊತ್ತು ಒಂದೇ ಕಡೆ ಕುಳಿತಿರಿ. ನಾಡಿ ನೋಡುವವರು ನಡೆದ ಕೂಡಲೇ ನೋಡಬೇಡಿ, ಅದು ನಡಿಗೆಯ ಲೆಕ್ಕವಾಗುತ್ತದೆ. ಹೊರಡುವ ಮೊದಲೂ ಕೊನೆಯಲ್ಲೂ ಐದು ನಿಮಿಷ ಕುಳಿತ ಮೇಲೆ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಕಾಫಿ ಆಮೇಲೆ ಕುಡಿಯಬಹುದು. ಬಿ.ಪಿ. ಮಾತ್ರೆಯನ್ನು ಮಾತ್ರ ಇದರ ಧೈರ್ಯದಲ್ಲಿ ಬಿಡಬೇಡಿ.

ಮಳೆಗಾಲದಲ್ಲಿ ಇಂಬಳ ಹತ್ತಿದರೆ ಹೆದರಬೇಕಾಗಿಲ್ಲ, ಉಗುರಿನಿಂದ ಬಾಯಿಯ ಬದಿ ಎಬ್ಬಿಸಿದರೆ ಬಿಡುತ್ತದೆ. ಹೆಚ್ಚು ಜಾಗ್ರತೆ ಬೇಕಾದದ್ದು ಮಳೆ ಕಳೆದ ಮೇಲೆ, ಮಂಗನ ಕಾಯಿಲೆ ಹರಡುವ ಉಣ್ಣೆ ಹುಳಗಳ ಕಾಲದಲ್ಲಿ. ಆ ಕಾಯಿಲೆ ಕಂಡ ಕಡೆ ಒಳಕಾಡಿಗೆ ಹೋಗದಿರುವುದೇ ಲೇಸು. ಹೋಗಲೇಬೇಕಾದರೆ ಪೂರ್ತಿ ಮೈ ಮುಚ್ಚುವ ಬಟ್ಟೆ ಹಾಕಿ, ತರಗೆಲೆಯ ಮೇಲೆ ಕೂರಬೇಡಿ, ಮನೆಗೆ ಬಂದು ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ.

ನಮ್ಮ ಊರೂರಲ್ಲಿ ಒಂದು ಸಂಪತ್ತು ಉಂಟು: ನಾಗದೇವರ ಕಲ್ಲುಗಳಿರುವ ನಾಗಬನ. ಒಳಗೆ ಕಾಲಿಡಬಾರದು, ಕಡ್ಡಿ ಮುರಿಯಬಾರದು ಎಂಬ ಕಟ್ಟುಪಾಡಿನಿಂದ ಉಳಿದ ತುಂಡು ಕಾಡುಗಳು ಇವು. ಒಳಗೆ ಹೋಗದಿದ್ದರೆ ಪ್ರಯೋಜನವೇನು ಎಂದು ಕೇಳುವವರಿಗೆ 1984ರಲ್ಲಿ ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ, ಕಿಟಕಿಯಿಂದ ಇಟ್ಟಿಗೆ ಗೋಡೆ ಕಂಡವರಿಗಿಂತ ಮರ ಕಂಡವರು ಬೇಗ ಮನೆಗೆ ಹೋದರು, ಪ್ರಬಲ ನೋವುನಿವಾರಕ ಕಡಿಮೆ ತೆಗೆದುಕೊಂಡರು. ದೂರದಿಂದ ನೋಡಿದ ಮರವೂ ಕೆಲಸ ಮಾಡುತ್ತದೆ. ಬನದ ಹೊರಗೆ ಕುಳಿತರೂ ಸಾಕು.

ಇದರಿಂದಲೇ ಜೀರ್ಣೋದ್ಧಾರದ ಹೆಸರಲ್ಲಿ ಬನದ ಮರ ಕಡಿದು ಕಾಂಕ್ರೀಟ್ ಕಟ್ಟೆ, ಇಂಟರ್‌ಲಾಕ್ ಹಾಕುವುದನ್ನು ಕಂಡಾಗ ನನಗೆ ತುಂಬ ನೋವಾಗುತ್ತದೆ. ನೆಲ ಮುಚ್ಚಿದರೆ ಮಳೆನೀರು ಇಂಗುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಬಿಟ್ಟ ನಾಲ್ಕು ಮರಗಳೂ ಒಣಗುತ್ತಾ ಬರುತ್ತವೆ, ಆ ಜಾಗ ಮಧ್ಯಾಹ್ನ ಕಾದ ಅಂಗಳವಾಗುತ್ತದೆ. ಬನದ ಸಮಿತಿಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು: ನಾಗನ ಕಲ್ಲಿನ ಸುತ್ತಲಿನ ಕೆಲಸವನ್ನು ಅಗತ್ಯದಷ್ಟಕ್ಕೇ ನಿಲ್ಲಿಸಿ. ತರಗೆಲೆಯನ್ನೂ ಬೀಳಲನ್ನೂ ಹಾಗೇ ಬಿಡಿ. ಖಾಲಿಯಾದ ಕಡೆ ಮೊದಲ ಮಳೆ ಬಿದ್ದು ನೆಲ ಹದವಾದಾಗ ರೆಂಜೆ, ಸುರಹೊನ್ನೆ, ಪುನರ್ಪುಳಿಯ ಗಿಡ ನೆಡಿ. ಬನದ ಗಡಿಯ ಹೊರಗೆ, ನೆರಳು ಬೀಳುವ ಬದಿಯಲ್ಲಿ, ನಾಲ್ಕು ಜನ ಕೂರುವಷ್ಟು ಕೆಂಪುಕಲ್ಲಿನ ಜಗಲಿಯೊಂದನ್ನು ಕಟ್ಟಿಸಿ.