ಹೊಳೆಬಾಗಿಲು, ಚಿನ್ನದ ಬಾಗಿಲು

ಮೊನ್ನೆ ರಾತ್ರಿ ತಂಗಿ ಮಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ವಿಡಿಯೋ ಕಾಲ್ ಮಾಡಿದ್ದಳು. "ದೊಡ್ಡಮ್ಮ, ಗೋಲ್ಡನ್ ಗೇಟ್ ನೋಡಿ" ಎಂದು ಮೊಬೈಲ್ ತಿರುಗಿಸಿದಳು. ಬರೀ ಮಂಜು. ನಡುವೆ ಕೆಂಪು ಕಂಬದ ತುದಿಯೊಂದು ಇಣುಕುತ್ತಿತ್ತು. ಮೆಟ್ಟುಗತ್ತಿ ಮುಂದೆ ಕೂತು ಕಳಲೆ ಹೆಚ್ಚುತ್ತಿದ್ದ ಅತ್ತೆ ಒಮ್ಮೆ ನೋಡಿ, "ಇದಕ್ಕೆ ಅಷ್ಟು ದೂರ ಹೋಗಬೇಕಿತ್ತಾ? ಆಗುಂಬೆಗೆ ಬಸ್ಸಿದೆ" ಎಂದರು.

ಗೋಲ್ಡನ್ ಗೇಟ್ ಅಂದ್ರೆ ಆ ಸೇತುವೆ ಎಂದೇ ನಾನು ತಿಳಿದಿದ್ದೆ. ಅಲ್ಲವಂತೆ. ಅದು ಕೆಳಗಿನ ನೀರಿನ ಹೆಸರು. ಒಳಗಿನ ಕೊಲ್ಲಿಗೂ ಹೊರಗಿನ ಪೆಸಿಫಿಕ್ ಸಾಗರಕ್ಕೂ ನಡುವೆ, ಗುಡ್ಡಗಳ ಸಂದಿಯಲ್ಲಿರುವ ಜಲಸಂಧಿ. ತೀರಾ ಕಿರಿದಾದ ಕಡೆ ಅಗಲ ಸುಮಾರು ಒಂದು ಮೈಲಿ. ಸೇತುವೆ ಬಂದದ್ದು 1937ರಲ್ಲಿ. ಹೆಸರು ಬಂದದ್ದು 1846ರಲ್ಲೇ.

"ಚಿನ್ನ ಸಿಕ್ಕಿತ್ತಾ ಅಲ್ಲಿ?" ಅತ್ತೆಗೆ ಅದೇ ಚಿಂತೆ. ಇಲ್ಲ. ಜಾನ್ ಫ್ರೆಮಾಂಟ್ ಎಂಬ ಸೇನಾಧಿಕಾರಿ ಇಸ್ತಾಂಬುಲಿನ ಗೋಲ್ಡನ್ ಹಾರ್ನ್ ಬಂದರನ್ನು ನೆನೆದು ಇಟ್ಟ ಹೆಸರದು. ಕ್ಯಾಲಿಫೋರ್ನಿಯಾದ ಒಳನಾಡಿನಲ್ಲಿ ಚಿನ್ನ ಸಿಕ್ಕಿದ್ದು 1848ರಲ್ಲಿ. ಮಗಳಿಗೆ ಲಕ್ಷ್ಮಿ ಅಂತ ಹೆಸರಿಟ್ಟ ಮೇಲೆ ಮನೆಗೆ ದುಡ್ಡು ಬಂದ ಹಾಗೆ, ಅಲ್ವಾ?

ಸ್ಪೇನಿನ ಹಡಗುಗಳು ಎಷ್ಟೋ ಕಾಲ ಆ ಕರಾವಳಿಯಲ್ಲಿ ಓಡಾಡಿದರೂ ಈ ಬಾಗಿಲು ಅವರಿಗೆ ಕಾಣಲಿಲ್ಲ. 1769ರಲ್ಲಿ ಕೊಲ್ಲಿಯನ್ನು ಕಂಡ ಸ್ಪೇನಿನವರು ನೆಲದ ಮೇಲೆ ನಡೆದು ಬಂದವರು. ಹಿತ್ತಿಲಿಂದ ಬಂದ ನೆಂಟರು! ಹಡಗು ಒಳಗೆ ಹೋದದ್ದು 1775ರಲ್ಲಿ. ಮಂಜಿನದೂ ತಪ್ಪಿರಬೇಕು. ಬೇಸಿಗೆಯಲ್ಲಿ ಒಳನಾಡು ಕಾದು ಬಿಸಿಗಾಳಿ ಮೇಲೇರಿದರೆ, ಕಡಲಿನ ತಣ್ಣನೆ ಮಂಜು ಇದೇ ಸಂದಿಯಿಂದ ನುಗ್ಗುತ್ತದೆ. ಹೆಬ್ಬಾಗಿಲು ತೆರೆದ ಕೂಡಲೇ ನಮ್ಮ ಬಚ್ಚಲೊಲೆಯ ಹೊಗೆ ಜಗುಲಿಗೆ ಬರುವುದಿಲ್ಲವೇ, ಹಾಗೆ.

ನಮ್ಮ ಸಾಗರ ತಾಲ್ಲೂಕಿನ ಕಡೆಯೂ ನೀರಿಗೊಂದು ಬಾಗಿಲಿದೆ. ಹೊಳೆಬಾಗಿಲು. ಶರಾವತಿ ಹಿನ್ನೀರು ದಾಟಿ ಸಿಗಂದೂರಿಗೆ ಹೋಗಲು ಲಾಂಚ್ ಹತ್ತುತ್ತಿದ್ದ ಜಾಗ. ಬಸ್ಸು, ಬೈಕು, ಹೂವಿನ ಬುಟ್ಟಿ ಎಲ್ಲ ಒಂದೇ ಲಾಂಚಿನಲ್ಲಿ. ಕಾಯುವಾಗ ಬೈದುಕೊಂಡಿದ್ದೂ ಜಾಸ್ತಿಯೇ. 2025ರ ಜುಲೈನಲ್ಲಿ ಸೇತುವೆ ಆಯಿತು, ಎರಡು ಕಿಲೋಮೀಟರಿಗೂ ಉದ್ದ. ಅಲ್ಲಿ ಸೇತುವೆ ನೀರಿನ ಹೆಸರನ್ನೇ ಎತ್ತಿಕೊಂಡಿತು. ಇಲ್ಲಿ ಅದೂ ಆಗಲಿಲ್ಲ, ಎಲ್ಲರ ಬಾಯಲ್ಲೂ ಸಿಗಂದೂರು ಸೇತುವೆ.

ಅತ್ತೆ ಮಾತ್ರ ಕಾರು ಹತ್ತುವಾಗ ಈಗಲೂ ಕೇಳುತ್ತಾರೆ: "ಹೊಳೆಬಾಗಿಲಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತೇವೆ? ಲಾಂಚ್ ತಪ್ಪಿದರೆ ಕಷ್ಟ."