ಸ್ಪಷ್ಟನೆ: ಮಲ್ಪೆಯಲ್ಲಿ ಶನಿವಾರ ಎರಡು ಚಂದ್ರ ಕಾಣುವುದಿಲ್ಲ

ಶನಿವಾರ ಸಂಜೆ ಮಲ್ಪೆ ಬೀಚಿನಲ್ಲಿ ನಮ್ಮ ಹವ್ಯಾಸಿ ಬಳಗದ ಆಕಾಶ ವೀಕ್ಷಣೆ ಇರುವುದು ನಿಜ. ಆದರೆ "ಅವತ್ತು ಮಂಗಳ ಗ್ರಹ ಬರಿಗಣ್ಣಿಗೆ ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ, ಎರಡು ಚಂದ್ರ ನೋಡಲು ಬನ್ನಿ" ಎಂದು ವಾಟ್ಸಾಪಿನಲ್ಲಿ ಓಡಾಡುತ್ತಿರುವ ಮಾತು ಸುಳ್ಳು.

ಇದು ಹಳೇ ಕತೆ. 2003ರ ಆಗಸ್ಟ್ 27ರಂದು ಮಂಗಳ ಭೂಮಿಗೆ ತೀರಾ ಹತ್ತಿರ, ಅಂದರೆ ಸುಮಾರು 5.58 ಕೋಟಿ ಕಿ.ಮೀ. ದೂರಕ್ಕೆ ಬಂದಿತ್ತು. 75 ಪಟ್ಟು ಹಿಗ್ಗಿಸುವ ಟೆಲಿಸ್ಕೋಪಿನಲ್ಲಿ ನೋಡಿದರೆ ಅದು ಬರಿಗಣ್ಣಿಗೆ ಚಂದ್ರ ಕಂಡಷ್ಟು ಕಾಣುತ್ತದೆ ಎಂದು ಆಗ ಒಂದು ಇಮೇಲ್ ಹರಿದಾಡಿತು. ಕೈಯಿಂದ ಕೈಗೆ ದಾಟುತ್ತಾ ಟೆಲಿಸ್ಕೋಪ್ ಬಿದ್ದುಹೋಯಿತು, ಇಸವಿಯೂ ಬಿದ್ದುಹೋಯಿತು. ಚಂದ್ರ ಮಾತ್ರ ಉಳಿದ!

ಮಂಗಳದ ವ್ಯಾಸ ಚಂದ್ರನ ಎರಡು ಪಟ್ಟಿನ ಹತ್ತಿರ ಇದೆ, ಸರಿ. ಆದರೆ ಅತಿ ಹತ್ತಿರ ಬಂದಾಗಲೂ ಅದು ಚಂದ್ರನಿಗಿಂತ 140 ಪಟ್ಟು ಜಾಸ್ತಿ ದೂರದಲ್ಲಿರುತ್ತದೆ. ಬರಿಗಣ್ಣಿಗೆ ಕೆಂಪು ಚುಕ್ಕಿ, ಅಷ್ಟೇ.

ಶನಿವಾರ ಇರುವುದು ಅರ್ಧಚಂದ್ರ. ಬೆಳಕು, ಕತ್ತಲೆ ಸೇರುವ ಗೆರೆಯ ಪಕ್ಕ ಕುಳಿಗಳ ನೆರಳು ಟೆಲಿಸ್ಕೋಪಿನಲ್ಲಿ ಎಷ್ಟು ಸ್ಪಷ್ಟ ಗೊತ್ತಾ? ಹುಣ್ಣಿಮೆಯಲ್ಲೂ ಹಾಗೆ ಕಾಣುವುದಿಲ್ಲ. ಅದಕ್ಕೆ ಬನ್ನಿ. ಆ ಮೆಸೇಜ್ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ, ಕಳಿಸಿದವರಿಗೆ ಇದನ್ನು ತೋರಿಸಿ. ಮೋಡ ಇದ್ದರೆ ಕಾರ್ಯಕ್ರಮ ಇರುವುದಿಲ್ಲ.