ಡಿಸೆಂಬರ್ 16 ಅಂದರೆ ಒಂದು ಫೋಟೊ ಮಾತ್ರ ಅಲ್ಲ

ಡಿಸೆಂಬರ್ 16 ಬಂತೆಂದರೆ ಎಲ್ಲರ ಫೋನಿಗೂ ಒಂದೇ ಫೋಟೊ ಬರುತ್ತದೆ. ಢಾಕಾದ ರಮ್ನಾ ರೇಸ್‌ಕೋರ್ಸ್ ಮೈದಾನ, ಒಂದು ಮೇಜು, ಶರಣಾಗತಿ ಪತ್ರಕ್ಕೆ ಸಹಿ ಹಾಕುತ್ತಿರುವ ಪಾಕಿಸ್ತಾನದ ಜನರಲ್ ನಿಯಾಜಿ, ಪಕ್ಕದಲ್ಲಿ ನಮ್ಮ ಸೇನೆಯ ಜನರಲ್ ಜಗಜಿತ್ ಸಿಂಗ್ ಅರೋರಾ. ಕೆಳಗೆ ಶರಣಾದವರ ಲೆಕ್ಕ, 93,000 ಅನ್ನುವ ಸಂಖ್ಯೆ. ಹೆಮ್ಮೆಯ ದಿನ ಅದು, ಎರಡು ಮಾತಿಲ್ಲ. ಆದರೆ ಪಾಕಿಸ್ತಾನದ ಜೊತೆಗಿನ 1971ರ ಯುದ್ಧ ಅಂದರೆ ನಮ್ಮ ಮಕ್ಕಳಿಗೆ ಆ ಒಂದು ಫೋಟೊ, ಆ ಒಂದು ಸಂಖ್ಯೆ, ಅಷ್ಟೇ ಆಗಿಬಿಟ್ಟಿದೆ. ಗೆದ್ದ ಸಂಜೆ ಮುಂದಿನ ತಲೆಮಾರಿಗೆ ಸಿಗುತ್ತಿದೆ. ಅದಕ್ಕೂ ಮುಂಚೆ ಮನೆಮನೆಯಲ್ಲಿ ಜನ ಪಟ್ಟ ಭಯ, ಕಾದಿದ್ದು, ಕೈಯಿಂದ ಕೊಟ್ಟಿದ್ದು, ಇದ್ಯಾವುದೂ ಸಿಗುತ್ತಿಲ್ಲ. ನನಗೆ ಇದರ ಬಗ್ಗೆ ಬೇಜಾರಿದೆ. ಸ್ವಲ್ಪ ಕೋಪವೂ ಇದೆ.

ಗಡಿ ಇರುವುದು ಎಲ್ಲೋ, ಬೆಂಗಳೂರಿಗೂ ಅದಕ್ಕೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ನಮ್ಮ ತಾತ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. ನ್ಯಾಟ್ ಅನ್ನುವ ಪುಟ್ಟ ಯುದ್ಧವಿಮಾನ ಬ್ರಿಟನ್ನಿನ ಲೈಸೆನ್ಸ್ ಮೇಲೆ ತಯಾರಾಗುತ್ತಿದ್ದುದು ಇಲ್ಲೇ. ಯುದ್ಧ ಶುರುವಾಗಿದ್ದು ಡಿಸೆಂಬರ್ 3ಕ್ಕೆ. ಅದಕ್ಕೂ ಮುಂಚೆ, ನವೆಂಬರ್ 22ರಂದೇ, ಬಂಗಾಳದ ಗಡಿಯ ಬೊಯ್ರಾದ ಆಕಾಶದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಹೊಡೆದದ್ದು ನ್ಯಾಟ್. ಡಿಸೆಂಬರ್ 14ರಂದು ಶ್ರೀನಗರದಲ್ಲಿ ಸೇಬರ್‌ಗಳ ಗುಂಪನ್ನೇ ಎದುರಿಸಿ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಪ್ರಾಣ ಕೊಟ್ಟಿದ್ದೂ ನ್ಯಾಟ್‌ನಲ್ಲೇ. ವಾಯುಪಡೆಗೆ ಸಿಕ್ಕಿರುವ ಒಂದೇ ಒಂದು ಪರಮವೀರ ಚಕ್ರ ಅವರದು.

ಆ ದಿನಗಳ ಬಗ್ಗೆ ಅಮ್ಮ ಹೇಳುವ ಒಂದು ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಒಂದು ವಿಮಾನ ಬಿತ್ತು ಅಂತ ರೇಡಿಯೊದಲ್ಲಿ ಬಂದರೆ ಸಾಕು, ತಾತ ಊಟದ ತಟ್ಟೆ ಪಕ್ಕಕ್ಕೆ ತಳ್ಳಿ ಸುಮ್ಮನೆ ಕೂತುಬಿಡುತ್ತಿದ್ದರಂತೆ. ಶತ್ರು ಹೊಡೆದದ್ದಾ, ಅಥವಾ ನಮ್ಮ ಕೆಲಸದಲ್ಲೇ ಏನಾದರೂ ಕೊರತೆ ಇತ್ತಾ? ಅದು ನನ್ನ ಕೈ ದಾಟಿ ಹೋದ ವಿಮಾನವಾ? ಉತ್ತರ ಸಿಗುವ ಪ್ರಶ್ನೆಗಳಲ್ಲ ಇವು. ಮರುದಿನ ಬೆಳಗ್ಗೆ ಮತ್ತೆ ಶಿಫ್ಟ್‌ಗೆ ಹೋಗುತ್ತಿದ್ದರು. ಅವತ್ತು ಒಂದೊಂದು ಬೋಲ್ಟನ್ನೂ ಎರಡೆರಡು ಸಲ ನೋಡುತ್ತಿದ್ದರಂತೆ. ಅವರ ಜೊತೆ ಕೆಲಸ ಮಾಡಿದ ಸಾವಿರಾರು ಜನರಲ್ಲಿ ಎಷ್ಟು ಮಂದಿ ಹೀಗೆ ನಿದ್ದೆಗೆಟ್ಟಿದ್ದರೋ! ಅವರ ಮೊಮ್ಮಕ್ಕಳು ಇವತ್ತು ಇದೇ ಊರಿನಲ್ಲಿದ್ದಾರೆ. ಎಷ್ಟು ಜನಕ್ಕೆ ಇದು ಗೊತ್ತಿದೆ?

ಅಮ್ಮನಿಗೆ ಆಗ ಹತ್ತು ವರ್ಷ. ಅವಳಿಗೆ ನೆನಪಿರುವುದು ಕಿಟಕಿ ಗಾಜಿಗೆ ಅಂಟಿಸಿದ ಕಂದು ಕಾಗದ, ಸೈರನ್ ಅಭ್ಯಾಸ, ರೇಡಿಯೊ ಇದ್ದ ಮನೆಯಲ್ಲಿ ಇಡೀ ಬೀದಿ ಸೇರುತ್ತಿದ್ದುದು. ಜೊತೆಗೆ ಒಂದು ಸ್ಟಾಂಪು. ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಸುಮಾರು 1 ಕೋಟಿ ಜನ ನಿರಾಶ್ರಿತರಾಗಿ ಬಂದಿದ್ದರಲ್ಲ, ಅವರ ಖರ್ಚಿಗೆ ಸರ್ಕಾರ 1971ರ ನವೆಂಬರ್ 15ರಿಂದ ಕಾಗದಗಳ ಮೇಲೆ 5 ಪೈಸೆ ಹೆಚ್ಚುವರಿ ತೆರಿಗೆ ಹಾಕಿತು. ಹೊಸ ಸ್ಟಾಂಪು ಬರುವವರೆಗೆ, ಕುಟುಂಬ ಯೋಜನೆಯ ಹಳೆಯ 5 ಪೈಸೆ ಸ್ಟಾಂಪಿನ ಮೇಲೆಯೇ ‘ರೆಫ್ಯೂಜಿ ರಿಲೀಫ್’ ಅಂತ ಅಚ್ಚು ಹಾಕಿ ಮಾರಿದರು. ಮಂಡ್ಯದ ದೊಡ್ಡಮ್ಮನಿಗೆ ಇನ್‌ಲ್ಯಾಂಡ್ ಲೆಟರ್ ಹಾಕುವಾಗ ಅದನ್ನು ಅಂಟಿಸುವ ಕೆಲಸ ಅಮ್ಮನದು. ಯಾವತ್ತೂ ನೋಡದ ಜನರ ಊಟಕ್ಕೆ ಈ ದೇಶದ ಬಡವರೂ ಐದೈದು ಪೈಸೆ ಕೊಟ್ಟರು. ಟ್ಯಾಂಕುಗಳ ಫೋಟೊ ಹಾಕುವವರು ಈ ಸ್ಟಾಂಪಿನ ಫೋಟೊವನ್ನೂ ಹಾಕಬೇಕು. ನನ್ನ ಮಟ್ಟಿಗೆ ಆ ವರ್ಷದ ಹೆಮ್ಮೆಯಲ್ಲಿ ಅದಕ್ಕೂ ಸಮಪಾಲು ಇದೆ.

ಇನ್ನು ನಮ್ಮ ಬೀದಿಯ ಅಜ್ಜಿಯ ವಿಷಯ. ಅವರ ಯಜಮಾನರು ಹಲಸೂರಿನ ಎಂಇಜಿಯವರು, ಅಂದರೆ ಮದ್ರಾಸ್ ಸ್ಯಾಪರ್ಸ್ ಅನ್ನುವ ಸೇನೆಯ ಎಂಜಿನಿಯರ್ ಪಡೆಯವರು. ಪಶ್ಚಿಮದ ಗಡಿಯಲ್ಲಿ ನೆಲದಲ್ಲಿ ಹೂತ ಮೈನ್ ತೆಗೆಯುವಾಗ ತೀರಿಕೊಂಡರು. ತಂತಿ ಬಂದದ್ದು ಯುದ್ಧ ಮುಗಿದ ಮೇಲೆ. ಊರೆಲ್ಲ ಸಿಹಿ ಹಂಚಿ ಆಗಿತ್ತು, ಇವರೂ ತಿಂದಿದ್ದರು. ಅಜ್ಜಿ ಡಿಸೆಂಬರ್ 16ನ್ನು ಆಚರಿಸುವುದಿಲ್ಲ. ಅವರಿಗೆ ಇರುವುದು ಮಾರ್ಗಶಿರ ಬಹುಳ ನವಮಿ. ಅದು ಒಂದು ವರ್ಷ ಡಿಸೆಂಬರ್ ಎರಡನೇ ವಾರಕ್ಕೇ ಬರುತ್ತದೆ, ಇನ್ನೊಂದು ವರ್ಷ ಜನವರಿಗೆ ಹೋಗುತ್ತದೆ. ಪಂಚಾಂಗ ನೋಡಿ, ಅವರಿಗೆ ಇಷ್ಟವಾಗಿದ್ದ ಆಂಬೊಡೆ ಮಾಡಿ ಎಡೆ ಇಡುತ್ತಾರೆ. ದೇಶದ ತಾರೀಕು ಒಂದು, ಮನೆಯ ತಿಥಿ ಇನ್ನೊಂದು. ಹಾರ ಹಾಕುವ ದಿನ ಅಜ್ಜಿಯ ಮನೆಗೆ ಯಾರೂ ಬರುವುದಿಲ್ಲ. ಅಜ್ಜಿ ಎಡೆ ಇಡುವ ದಿನ ಊರಿಗೆ ಗೊತ್ತೇ ಇರುವುದಿಲ್ಲ. ಅವರ ಮಗನಿಗೆ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಅಪ್ಪ ಅಂದರೆ ಅವನಿಗೆ ಆ ತಿಥಿಯೇ. ಮೊಮ್ಮಗಳು ಹೈದರಾಬಾದ್‌ನಲ್ಲಿದ್ದಾಳೆ, ಆ ದಿನ ವಿಡಿಯೊ ಕಾಲ್‌ನಲ್ಲಿ ಕೈ ಮುಗಿಯುತ್ತಾಳೆ.

ಸರ್ಕಾರದ ನೆನಪು ನಿಧಾನ, ಅದು ಹೊಸದೇನಲ್ಲ. ಕೊಡಗಿನ ಪೈಲಟ್ ಎ.ಬಿ. ದೇವಯ್ಯ 1965ರ ಯುದ್ಧದಲ್ಲಿ, ಸೆಪ್ಟೆಂಬರ್ 7ರಂದು, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ, ತಮ್ಮ ಮಿಸ್ಟೇರ್ ವಿಮಾನದಿಂದ ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ಒಂದನ್ನು ಉರುಳಿಸಿದರು. ವಾಪಸ್ ಬರಲಿಲ್ಲ. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ನಡುವಿನ 23 ವರ್ಷ ಅವರನ್ನು ನೆನಪಿನಲ್ಲಿ ಇಟ್ಟುಕೊಂಡವರು ಮನೆಯವರು, ಜೊತೆಗಾರರು.

ಹಾಗೆ ನೋಡಿದರೆ ಸತ್ತವರನ್ನು ಹೀಗೆ ನೆನೆಯುವುದು ನಮ್ಮ ಊರಿಗೆ ಹೊಸ ಅಭ್ಯಾಸವೂ ಅಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಕಾಲದ ಒಂದು ಕಲ್ಲಿದೆ. ‘ಬೆಂಗಳೂರು’ ಅನ್ನುವ ಹೆಸರು ಸಿಗುವ ಅತಿ ಹಳೆಯ ಶಾಸನಗಳಲ್ಲಿ ಅದೊಂದು. ಬೆಂಗಳೂರ ಕಾಳಗದಲ್ಲಿ ಸತ್ತವರನ್ನು ನೆನೆದು ನಿಲ್ಲಿಸಿದ ವೀರಗಲ್ಲು ಅದು. ಅದನ್ನು ನೋಡಿದ ದಿನ ನನಗೆ ಮೈ ಜುಮ್ಮೆಂದಿತು.

ಈಗ ನಮ್ಮಲ್ಲಿ ಸ್ಮಾರಕಗಳಿಗೆ ಕೊರತೆ ಇಲ್ಲ. ಬ್ರಿಗೇಡ್ ರೋಡ್ ಕೊನೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಸ್ಮಾರಕ ಇದೆ, ತಾರಾಲಯದ ಎದುರು ರಾಷ್ಟ್ರೀಯ ಸೈನಿಕ ಸ್ಮಾರಕ ಇದೆ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಎಚ್‌ಎಎಲ್‌ನವರೇ ಕಟ್ಟಿದ, 1971ರಲ್ಲಿ ರಾಜಸ್ಥಾನದ ಕಡೆ ಹೋರಾಡಿದ ಮಾರುತ್ ಜಾತಿಯ ವಿಮಾನ ನಿಂತಿದೆ. ಮಕ್ಕಳು ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಲಿ, ಒಳ್ಳೆಯದೇ. ಆದರೆ ಕಲ್ಲು, ಲೋಹ ತಾವಾಗಿ ಮಾತಾಡುವುದಿಲ್ಲ. ಪಕ್ಕದಲ್ಲಿ ನಿಂತು ಹೇಳುವವರು ಬೇಕು.

ಆ ಹೇಳುವವರೇ ಕಡಿಮೆಯಾಗುತ್ತಿದ್ದಾರೆ. ಆಗ ಹತ್ತು ವರ್ಷದವರಾಗಿದ್ದವರು ಈಗ ಅರವತ್ತು ದಾಟಿದ್ದಾರೆ. ಆಗ 25ರ ಹರೆಯದ ಸೈನಿಕರಾಗಿದ್ದವರು 80ರ ಹತ್ತಿರ ಇದ್ದಾರೆ. ತಾತ ಹೋಗಿ ಎಷ್ಟೋ ವರ್ಷವಾಯಿತು. ಶಾಲೆಗಳಲ್ಲಿ ಆ ದಿನ ಭಾಷಣ ಸ್ಪರ್ಧೆ ಇಡುತ್ತಾರೆ, ಮಕ್ಕಳು ಇಂಟರ್ನೆಟ್‌ನಿಂದ ಬರೆದುಕೊಂಡು ಬಂದು ಒಪ್ಪಿಸುತ್ತಾರೆ. ಅದನ್ನು ಬಿಟ್ಟು, ಮನೆಯಲ್ಲೋ ಬೀದಿಯಲ್ಲೋ ಇರುವ ಒಬ್ಬ ಹಿರಿಯರನ್ನು ಮಾತಾಡಿಸಿ ಒಂದು ಪುಟ ಬರೆದು ತರಲು ಹೇಳಲಿ. ಆ ದಿನ ಏನು ಅಡುಗೆ ಮಾಡಿದ್ದಿರಿ, ಯಾರ ಕಾಗದಕ್ಕೆ ಕಾಯುತ್ತಿದ್ದಿರಿ, ರಾತ್ರಿ ಹೆದರಿಕೆ ಆಯಿತಾ ಅಂತ ಕೇಳಲಿ. ಇಷ್ಟು ಕೇಳಿದರೆ ಉಳಿದದ್ದನ್ನು ಅವರೇ ಹೇಳುತ್ತಾರೆ.

ನನ್ನ ಮಗನ ಶಾಲೆಯ ಹೆಡ್‌ಮಿಸ್ ಜೊತೆ ಮಾತಾಡಿದೆ, ಒಪ್ಪಿದ್ದಾರೆ. ಈ ಸಲ ಎಂಟನೇ ಕ್ಲಾಸಿನ ಮಕ್ಕಳು ಹೀಗೆ ಬರೆದು ತಂದು ಓದುತ್ತಾರೆ. ಅಮ್ಮ ಬರುತ್ತಾಳೆ. ಅಜ್ಜಿಯನ್ನೂ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಸ್ಟೇಜ್ ಮೇಲೆ ಕೂರಲ್ಲಮ್ಮ, ಮಕ್ಕಳ ಜೊತೆ ಕೆಳಗೇ ಕೂತ್ಕೋತೀನಿ, ಆಗಬಹುದಾ?’ ಅಂದರು. ಹಾಗೇ ಆಗಲಿ ಅಂದಿದ್ದೇನೆ. ಬೆಳಗ್ಗೆ ಒಂಬತ್ತಕ್ಕೆ ಆಟೊ ಹೇಳಿಯಾಗಿದೆ.